ತೆನೆ ಆರಿಸುವ ಕೈ

ಕೊಯ್ಲು ಮುಗಿದು ಅಂಗಳದಲ್ಲಿ ಮುಸುಕಿನ ಜೋಳದ ರಾಶಿ ಬಿತ್ತೆಂದರೆ ಬೀಜದಕ್ಕ ರಾಶಿಯ ಮುಂದೆ ಕಾಲು ಮಡಿಸಿ ಕೂತುಬಿಡುತ್ತಿದ್ದಳು. ಒಂದೊಂದೇ ತೆನೆ ಎತ್ತಿ, ಸಿಪ್ಪೆ ಸರಿಸಿ ನೋಡಿ, ಬಲಗಡೆಗೊಂದು ಎಡಗಡೆಗೊಂದು ಹಾಕುವುದು ಅವಳ ಕೆಲಸ. ಬಲಗಡೆಯದು ಬೀಜಕ್ಕೆ, ಎಡಗಡೆಯದು ಹೊಟ್ಟೆಗೆ. ಸೊಸೆಯಾಗಿ ಬಂದ ವರ್ಷ ಅತ್ತೆ ಹೇಳಿಕೊಟ್ಟ ಪಾಠ ಬಲು ಚಿಕ್ಕದು: "ರಾಶಿಯಲ್ಲಿ ದೊಡ್ಡದನ್ನ ಬಿತ್ತು, ಚಿಕ್ಕದನ್ನ ತಿನ್ನು. ಎಷ್ಟೇ ಹಸಿವಾದ್ರೂ ದೊಡ್ಡದಕ್ಕೆ ಬಾಯಿ ಹಾಕ್ಬೇಡ." ಅತ್ತೆ ಹೇಳಿದ ಉಳಿದ ನೂರು ಮಾತುಗಳನ್ನು ಸೊಸೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದಳು. ಇದೊಂದನ್ನು ಮಾತ್ರ ನಲವತ್ತು ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ.

ಅವಳಿಗೆ ಆ ಹೆಸರು ಯಾರು ಇಟ್ಟರೋ ಯಾರಿಗೂ ನೆನಪಿಲ್ಲ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು. ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೊಲ ಕಟ್ಟಿಕೊಂಡ ಊರು ಅದು. ಮೇಲಿನವನ ಹೊಲದ ಕಲ್ಲು ಉರುಳಿದರೆ ಕೆಳಗಿನವನ ಹೊಲಕ್ಕೆ ಬೀಳುತ್ತಿತ್ತು, ಜಗಳವೂ ಅದರ ಹಿಂದೆಯೇ ಉರುಳಿ ಬರುತ್ತಿತ್ತು. ಹಿಂದೆ ಪ್ರತಿ ಮನೆಯ ಒಲೆಯ ಮೇಲೂ ಕೆಂಪು ಜೋಳದ ಬೀಜದ ತೆನೆಗಳು ಹೊಗೆ ಕುಡಿಯುತ್ತ ತೂಗಾಡುತ್ತಿದ್ದವು. ಆರು ವರ್ಷದ ಹಿಂದೆ ಕೋಳಿ ಆಹಾರದ ಕಂಪನಿಯೊಂದು ಕೆಳಗೆ ಸೇತುವೆಯ ಪಕ್ಕ ಗೋದಾಮು ಕಟ್ಟಿತು. ಬೀಜದ ಪ್ಯಾಕೆಟ್ಟು ಅವರದೇ, ಗೊಬ್ಬರ ಅವರದೇ, ಬೆಳೆದದ್ದನ್ನು ಒಯ್ಯುವ ಲಾರಿಯೂ ಅವರದೇ. ಹಳದಿ ಜೋಳ, ಗಿಡ ಆಳಿಗಿಂತ ಒಂದು ಮೊಳ ಎತ್ತರ. ಒಬ್ಬೊಬ್ಬರಾಗಿ ಕೆಂಪು ಜೋಳ ಬಿಟ್ಟರು. ಬಿಟ್ಟವರನ್ನು ಬಯ್ಯುವುದು ನಮಗೆ ಸುಲಭ. ಆದರೆ ವರ್ಷವೆಲ್ಲ ಮೂಟೆ ಹೊತ್ತು ಬೆನ್ನು ಬಾಗಿದವನಿಗೆ ಬಾಗಿಲಿಗೇ ಲಾರಿ ಬರುತ್ತದೆ ಎಂದರೆ ಅವನು ಬೇಡ ಅನ್ನಬೇಕೇ?

ಕೆಂಪು ಜೋಳ ಬಿಡಲಾರದವರೆಂದರೆ ಬೆಟ್ಟದ ನೆತ್ತಿಯ ಮೂರು ಮನೆಯವರು. ಅಲ್ಲಿ ಬಿತ್ತನೆಗೂ ಹಿಮ ಬೀಳುವುದಕ್ಕೂ ನಡುವೆ ಸಿಗುವುದು ನೂರು ದಿನ, ಅದೂ ದೇವರು ಒಳ್ಳೆಯ ಮನಸ್ಸಿನಲ್ಲಿದ್ದರೆ. ಕೆಂಪು ಜೋಳ ತೊಂಬತ್ತೇ ದಿನಕ್ಕೆ ಹಣ್ಣಾಗುತ್ತಿತ್ತು. ಕಂಪನಿಯ ಹಳದಿಗೆ ನೂರಮೂವತ್ತು ದಿನ ಬೇಕು. ಬಿತ್ತುವುದಕ್ಕೆ ಮುಂಚೆ ಆ ಮೂರು ಮನೆಯವರು ಇಳಿದು ಬಂದು ಬೀಜದಕ್ಕನ ಒಲೆಯ ಮೇಲಿನ ತೆನೆ ಒಯ್ಯುತ್ತಿದ್ದರು. ಮೇಲೆ ಬೆಳೆದದ್ದನ್ನು ಅವರು ಬೀಜಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ಅಕ್ಕನ ಕೈಯ ಬೀಜ ಇರುವಾಗ ತಮ್ಮದೇಕೆ ಎಂಬ ನಂಬಿಕೆ. ಆ ನಂಬಿಕೆಯ ಮೇಲೆ ಬೀಜದಕ್ಕನಿಗೆ ಎಷ್ಟು ಹೆಮ್ಮೆ ಇತ್ತೆಂದರೆ, ಅದನ್ನು ಮುಚ್ಚಿಡಲು ಅವಳು ಪ್ರಯತ್ನವನ್ನೇ ಮಾಡುತ್ತಿರಲಿಲ್ಲ.

ಆ ವರ್ಷ ರಾಶಿಯ ಮುಂದೆ ಕೂತಿದ್ದಾಗಲೇ ನೆತ್ತಿಯ ಕಲ್ಲುಕುಟಿಗ ಹೆಗಲ ಮೇಲೆ ಒಂದು ಚೀಲ ಹೊತ್ತು ಅಂಗಳಕ್ಕೆ ಬಂದ. ಗೋಡೆ ಕಟ್ಟುವುದು ಅವನ ಕಸುಬು, ಅರ್ಧ ಎಕರೆ ಹೊಲ ಅವನ ಹೊಟ್ಟೆಪಾಡು. ಮಾತು ಕಡಿಮೆ. ಚೀಲ ಬಿಚ್ಚಿ ನೆಲಕ್ಕೆ ಸುರಿದ.

ತೆನೆಗಳು ಕಪ್ಪಿಟ್ಟಿದ್ದವು. ಬೀಜದಕ್ಕ ಒಂದನ್ನು ಎತ್ತಿ ಉಗುರಿನಿಂದ ಕಾಳು ಒತ್ತಿದಳು. ಹಾಲು ತುಂಬುವ ಹೊತ್ತಿಗೇ ಹಿಮ ಹೊಡೆದ ಕಾಳು ಮೆತ್ತಗೆ ಹಿಸುಕಿಹೋಯಿತು.

"ಅಕ್ಕ, ಬೀಜ ಈ ಸಲ ಕೈ ಕೊಡ್ತು," ಎಂದ ಅವನು, ತಪ್ಪು ತನ್ನದೇ ಎಂಬಂತೆ ನೆಲ ನೋಡುತ್ತ.

"ನನ್ನ ಬೀಜವಾ? ನೀನು ಯಾವಾಗ ಬಿತ್ತಿದೆ?"

"ಯಾವಾಗಿನ ಹಾಗೇ. ಹಿಮ ಕರಗಿ ನಾಲ್ಕನೇ ದಿನ."

"ಗೊಬ್ಬರ?"

"ಹಾಕಿದ್ದೆ."

"ಹಾಗಾದ್ರೆ ಕಳೆ ಕಿತ್ತಿರೋಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!"

ಕಲ್ಲುಕುಟಿಗ ಸಿಟ್ಟಾಗಲಿಲ್ಲ. "ಮೂರು ಮನೇದೂ ಹೀಗೇ ಆಗಿದೆ ಅಕ್ಕ. ಹೋದ ವರ್ಷವೇ ಒಂದು ವಾರ ತಡ ಆಗಿತ್ತು, ಹಿಮವೂ ತಡವಾಗಿ ಬಂತು, ಬಚಾವಾದ್ವಿ. ಈ ವರ್ಷ ಗಿಡದ ತುದಿಗೆ ಸೂಲಂಗಿ ಬರೋದೇ ಹದಿನೈದು ದಿನ ತಡ. ನಿನ್ನ ಹತ್ರ ಹೇಳದೆ ಇನ್ಯಾರ ಹತ್ರ ಹೇಳಲಿ?" ಎಂದು, ಬಂದ ವಿಷಯ ಹೇಳಿದ. "ಮುಂದಿನ ಸಲವೂ ಹೀಗಾದ್ರೆ ಹೊಲ ಬಿಟ್ಟುಬಿಡೋದು ಅಂತ ಮೂವರೂ ಮಾತಾಡ್ಕೊಂಡಿದೀವಿ. ಗೋದಾಮಿನಲ್ಲಿ ಮೂಟೆ ಹೊರೋ ಕೆಲಸ ಇದೆಯಂತೆ. ನೆತ್ತಿ ಖಾಲಿ ಆಗ್ತದೆ."

ಅವನು ಹೋದ ಮೇಲೆ ಬೀಜದಕ್ಕ ಬಹಳ ಹೊತ್ತು ತೆನೆ ಆರಿಸಲಿಲ್ಲ. ಅವಳ ಹೊಲದಲ್ಲಿ ಬೆಳೆ ಚೆನ್ನಾಗಿಯೇ ಬಂದಿತ್ತು. ಇಲ್ಲಿ ಹಿಮ ಬೀಳುವುದು ನೆತ್ತಿಗಿಂತ ಒಂದು ತಿಂಗಳು ತಡ. ಗಿಡಗಳು ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತಿರುವುದನ್ನು ಅವಳು ನೋಡಿರಲಿಲ್ಲವೇ? ನೋಡಿದ್ದಳು, ತನ್ನ ಸಗಣಿ ಗೊಬ್ಬರದ ಮಹಿಮೆ ಎಂದು ಹೋದಲ್ಲೆಲ್ಲ ಹೇಳಿಕೊಂಡೂ ಬಂದಿದ್ದಳು.

ಈಗ ಅವಳ ಅನುಮಾನ ಸೀದಾ ಮೈದುನನ ಮೇಲೆ ಹೋಯಿತು. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಆಗ ಹೊಲ ಪಾಲಾಗಿ ನಡುವೆ ಸೊಂಟದೆತ್ತರದ ಕಲ್ಲುಗೋಡೆ ಎದ್ದಿತ್ತು. ಗೋಡೆಯ ಆಚೆ ಮೈದುನನ ಹಳದಿ ಜೋಳ, ಈಚೆ ಇವಳ ಕೆಂಪು. ಮೈದುನ ಬರೀ ಬೆಳೆಯುವವನಲ್ಲ, ಊರಿಗೆ ಕಂಪನಿಯ ಏಜೆಂಟೂ ಹೌದು. ಗೋದಾಮಿನ ತೂಕದ ಯಂತ್ರದ ಪಕ್ಕ ಒಂದು ಮುರುಕು ಕುರ್ಚಿ ಹಾಕಿಕೊಂಡು, ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಕೂರುತ್ತಿದ್ದ.

ಅಲ್ಲಿಗೇ ಹೋದಳು. ಲಾರಿಯ ಧೂಳು, ಮೂಟೆ ಹೊರುವವರ ಕೂಗಾಟದ ನಡುವೆ ನಿಂತು ಕೇಳಿದಳು, "ನನ್ನ ಬೀಜಕ್ಕೆ ನಿನ್ನ ಬೀಜ ಬೆರೆಸಿದೆಯಾ?"

ಮೈದುನ ಕುರ್ಚಿಯಿಂದ ಎದ್ದು ನಿಂತ. "ಏನತ್ತಿಗೆ ಇದು! ನಾನು ಏಜೆಂಟ್ ಆಗಿರಬಹುದು, ಮನೆಮುರುಕ ಅಲ್ಲ." ಮೇಜಿನ ಕೆಳಗಿಂದ ಒಂದು ಪ್ಯಾಕೆಟ್ಟು ತೆಗೆದು ಹರಿದು ಅವಳ ಅಂಗೈಗೆ ಸುರಿದ. ಔಷಧಿ ಸವರಿದ ಕಾಳುಗಳು ಗುಲಾಬಿ ಬಣ್ಣಕ್ಕಿದ್ದವು. "ಇದನ್ನ ನಿಮ್ಮ ಬೀಜಕ್ಕೆ ಬೆರೆಸಿದ್ರೆ ಕುರುಡನಿಗೂ ಗೊತ್ತಾಗ್ತದೆ. ಇದನ್ನ ನಾನು ಬೆರೆಸೋದೇ ಬೇಕಿಲ್ಲ. ಸೂಲಂಗಿಯ ಪುಡಿ ಗಾಳಿಯಲ್ಲಿ ಹಾರ್ತದೆ, ನಿಮ್ಮ ತೆನೆಯ ಕೂದಲಿಗೆ ಅಂಟ್ತದೆ. ಕಂಪನಿಯವರೇ ಹೇಳಿದ್ರು. ಗಾಳಿಗೆ ನಾನು ಗೋಡೆ ಕಟ್ಟಲಾ?"

"ಗೋಡೆಯ ಹತ್ರದ ನಾಲ್ಕು ಸಾಲಾದ್ರೂ ಬಿಡು."

"ನಾಲ್ಕಲ್ಲ, ಇಡೀ ಹೊಲ ಬಿಡ್ತೀನಿ ಅಂತಿಟ್ಕೊಳ್ಳಿ. ಸೇತುವೆಯಿಂದ ನಿಮ್ಮ ಮನೆವರೆಗೂ ಎಲ್ಲರದ್ದೂ ಅದೇ ಜೋಳ. ಯಾರನ್ನ ಕೇಳ್ತೀರಿ ಅತ್ತಿಗೆ?"

ಅವನ ದನಿಯಲ್ಲಿ ಅಣಕವಿರಲಿಲ್ಲ, ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು. ಜಗಳ ಮಾಡಲು ಹೋದವಳಿಗೆ ಜಗಳವೂ ಸಿಗಲಿಲ್ಲ. ಅಂಗೈಯ ಗುಲಾಬಿ ಕಾಳುಗಳನ್ನು ಮೇಜಿನ ಮೇಲೆ ಸುರಿದು, ಸೆರಗಿಗೆ ಕೈ ಒರೆಸಿಕೊಂಡು ವಾಪಸು ಹತ್ತಿ ಬಂದಳು. ದಾರಿಯುದ್ದಕ್ಕೂ ಗಾಳಿಗೆ ಶಾಪ ಹಾಕಿದಳು. ಗಾಳಿಗೆ ಗುದ್ದಿ ಕೈ ನೋಯಿಸಿಕೊಂಡರು ಎನ್ನುತ್ತಾರಲ್ಲ, ಹಾಗೆ.

ಮನೆಯಲ್ಲಿ ಅವಳ ಜೊತೆ ಇದ್ದವಳು ನಾದಿನಿ. ಬಟ್ಟೆ ಹೊಲಿಯುವುದು ಅವಳ ಕೆಲಸ, ಮಾತಿನಲ್ಲಿ ಚುಚ್ಚುವುದು ಅವಳ ಹವ್ಯಾಸ. ಸೂಜಿ ಎರಡಕ್ಕೂ ಒಂದೇ ಎಂದು ಬೀಜದಕ್ಕ ಆಗಾಗ ಹೇಳುವುದಿತ್ತು. ಆರಿಸಿದ ತೆನೆಗಳ ಸಿಪ್ಪೆ ಹೆಣೆದು, ಎರಡೆರಡು ಜೋಡಿ ಮಾಡಿ, ಒಲೆಯ ಮೇಲಿನ ಗಳಕ್ಕೆ ನೇತು ಹಾಕುವುದು ಇಬ್ಬರೂ ಸೇರಿ ಮಾಡುವ ಕೆಲಸ. ಮರುದಿನ ಬೆಳಿಗ್ಗೆ ಅದನ್ನು ಮುಗಿಸಿ ನಾದಿನಿ ಒಲೆಗೆ ಸೌದೆ ಇಡಲು ಬಗ್ಗಿ ಎದ್ದವಳು, ತೂಗುವ ತೆನೆಗೆ ತಲೆ ತಾಕಿ, ನೆತ್ತಿ ಹಿಡಿದುಕೊಂಡು "ಅಯ್ಯಪ್ಪಾ!" ಎಂದಳು.

"ಕಣ್ಣು ಎಲ್ಲಿಟ್ಟಿದ್ದೆ?" ಎಂದಳು ಬೀಜದಕ್ಕ.

"ಕಣ್ಣು ಇರೋ ಜಾಗದಲ್ಲೇ ಇದೆ ಅತ್ತಿಗೆ. ಹುಟ್ಟಿದಾಗಿನಿಂದ ಇದೇ ಗಳದ ಕೆಳಗೆ ಓಡಾಡಿದೀನಿ. ಅಮ್ಮನ ಕಾಲದಲ್ಲಿ ಇವು ನನ್ನ ಕೂದಲಿಗೂ ತಾಕ್ತಿರಲಿಲ್ಲ. ಈಗ ಮೂರು ವರ್ಷದಿಂದ ದಿನಾ ಕುಟ್ಟಿಸ್ಕೊಳ್ತಿದೀನಿ. ಈ ವಯಸ್ಸಲ್ಲಿ ನಾನಂತೂ ಬೆಳೆದಿಲ್ಲ."

ಬೀಜದಕ್ಕ ನಗಲು ಬಾಯಿ ತೆರೆದಳು, ನಗಲಿಲ್ಲ. ಒಂದು ಜೋಡಿ ಬಿಚ್ಚಿ ಕೈಯಲ್ಲಿ ಹಿಡಿದಳು. ಒಂದು ಗೇಣು, ಅದರ ಮೇಲೆ ನಾಲ್ಕು ಬೆರಳು.

"ಅತ್ತೆಯ ಕಾಲದಲ್ಲಿ ಎಷ್ಟಿತ್ತೇ?"

"ನನ್ನ ಅಂಗೈ ಉದ್ದ. ದೊಡ್ಡದು ಅಂದ್ರೆ ಒಂದು ಗೇಣು, ಅದಕ್ಕಿಂತ ದೊಡ್ಡದು ಇರಲೇ ಇಲ್ಲ."

ಬೀಜದಕ್ಕ ಒಲೆಯ ಮುಂದೆ ಕುಸಿದಂತೆ ಕೂತಳು. ಗಾಳಿ ಎಲ್ಲ ತೆನೆಗೂ ಒಂದೇ ಸಮ ಹಳದಿ ಪುಡಿ ಎರಚಿರಲಾರದು. ಕೆಲವು ಕಾಳಿಗೆ ತಾಕಿರಬೇಕು, ಕೆಲವಕ್ಕೆ ತಾಕಿರಲಿಕ್ಕಿಲ್ಲ. ತಾಕಿದ ಕಾಳು ಮರುವರ್ಷ ಎತ್ತರದ ಗಿಡವಾಗಿ, ಉದ್ದನೆಯ ತೆನೆ ಬಿಟ್ಟು, ತಡವಾಗಿ ಹಣ್ಣಾಗಿರಬೇಕು. ತಾಕದ ಕಾಳು ಹಿಂದಿನ ಹಾಗೆ ಗಿಡ್ಡ ಗಿಡ, ಗಿಡ್ಡ ತೆನೆ. ಬಣ್ಣ ಮಾತ್ರ ಎರಡರದ್ದೂ ಕೆಂಪು. ಹಳದಿ ಬಂದದ್ದನ್ನು ಅವಳು ಹೇಗೂ ಎಡಗಡೆಗೆ ಎಸೆಯುತ್ತಿದ್ದಳು. ಆಮೇಲೆ ರಾಶಿಯ ಮುಂದೆ ಕೂತು ಅವಳು ಮಾಡಿದ್ದೇನು? ದೊಡ್ಡದನ್ನು ಬಲಗಡೆಗೆ, ಚಿಕ್ಕದನ್ನು ಎಡಗಡೆಗೆ. ಆರು ವರ್ಷ, ಒಂದೂ ತಪ್ಪದೆ, ಬೆರಕೆಯನ್ನು ಬಿತ್ತಿ ಅಸಲನ್ನು ತಿಂದಿದ್ದಳು.

"ಬೇಲಿಯೇ ಎದ್ದು ಹೊಲ ಮೇಯ್ದಿದೆ ಕಣೇ," ಎಂದಳು. "ಗಾಳಿಯಲ್ಲ, ಮೈದುನನಲ್ಲ. ನಾನು."

ನಾದಿನಿಯ ಬಾಯಲ್ಲಿ ಆ ಕ್ಷಣ ಯಾವ ಸೂಜಿಯೂ ಇರಲಿಲ್ಲ. ಅತ್ತಿಗೆಯ ಪಕ್ಕ ಬಂದು ಕೂತು, "ಅಮ್ಮ ಹೇಳಿದ್ದನ್ನೇ ಮಾಡಿದ್ರಿ ನೀವು," ಎಂದಳು.

"ಅದೇ ನೋಡು. ಅವರು ಹೇಳಿದಾಗ ಸುತ್ತಮುತ್ತ ಏನಿತ್ತು, ಈಗ ಏನಿದೆ ಅಂತ ನಾನು ನೋಡಬೇಕಿತ್ತು."

ಅವಳಿಗೆ ಅಳು ಬಂತು, ಅತ್ತಳು. ನಲವತ್ತು ವರ್ಷದ ಹೆಮ್ಮೆ ಒಂದು ಬೆಳಿಗ್ಗೆ ಕೈಬಿಟ್ಟು ಹೋದರೆ ಅಳದೆ ಇನ್ನೇನು ಮಾಡಬೇಕು? ಆದರೆ ಅವಳು ಬಹಳ ಹೊತ್ತು ಅಳುವ ಪೈಕಿ ಅಲ್ಲ. ಮುಖ ತೊಳೆದು ಎಡಗಡೆಯ ರಾಶಿಯನ್ನು ಕೆದಕಿದಳು. ಅಂಗೈ ಉದ್ದದ ತೆನೆ ಹುಡುಕಿದಳು. ಒಂದೂ ಸಿಗಲಿಲ್ಲ. ವರ್ಷ ವರ್ಷವೂ ಆರಿಸಿ ಆರಿಸಿ ಅವಳ ಹೊಲದಲ್ಲಿ ಅದರ ವಂಶವನ್ನೇ ಅಳಿಸಿದ್ದಳು. ಕೈಯಂತೂ ಅಷ್ಟು ಚುರುಕು.

ಮಧ್ಯಾಹ್ನದ ಹೊತ್ತಿಗೆ ಕೋಲು ಹಿಡಿದು ನೆತ್ತಿ ಹತ್ತಿದಳು. ಮೂರು ಗಂಟೆಯ ದಾರಿ, ಮಂಡಿಗೆ ನಾಲ್ಕು ಗಂಟೆಯದು. ಕಲ್ಲುಕುಟಿಗ ಹೊಲದಲ್ಲಿ ಕಪ್ಪಿಟ್ಟ ಗಿಡಗಳನ್ನು ಕಡಿದು ಹೊರೆ ಕಟ್ಟುತ್ತಿದ್ದ. ಅವನ ಹೆಂಡತಿಯನ್ನು ಎಲ್ಲರೂ ಗುಬ್ಬಚ್ಚಿ ಎನ್ನುತ್ತಿದ್ದರು. ಪುಟ್ಟ ಆಳು, ಒಂದು ಕಡೆ ನಿಲ್ಲುವವಳಲ್ಲ. ಅಕ್ಕನನ್ನು ಕಂಡು ಓಡಿಬಂದು ಕೈಹಿಡಿದು ಜಗಲಿಗೆ ಕರೆತಂದು ನೀರು ಕೊಟ್ಟಳು.

ಬೀಜದಕ್ಕ ನೀರು ಕುಡಿದು ಕೇಳಿದಳು, "ಪೂರ್ತಿ ಹಾಳಾಯ್ತಾ? ಒಂದು ತೆನೆಯೂ ಹಣ್ಣಾಗಲಿಲ್ವಾ?"

"ಆಗಿದ್ವು ಕೆಲವು," ಎಂದಳು ಗುಬ್ಬಚ್ಚಿ, ಹೇಳಲು ನಾಚಿಕೊಳ್ಳುತ್ತ. "ಕಲ್ಲುಬಂಡೆ ಪಕ್ಕದ ಗಿಡ್ಡ ಗಿಡಗಳಲ್ಲಿ. ನನ್ನ ಹಾಗೇ ಕುಳ್ಳು. ಅಷ್ಟು ಚಿಕ್ಕದನ್ನ ಮನುಷ್ಯರು ತಿಂತಾರಾ ಅಂತ ಕೋಳಿಗೆ ಹಾಕಿಟ್ಟೆ."

ಬೀಜದಕ್ಕ ಎದ್ದು ನಿಂತ ವೇಗಕ್ಕೆ ಲೋಟ ಉರುಳಿತು. "ಎಲ್ಲಿ?"

ಕೋಳಿಗೂಡಿನ ಪಕ್ಕದ ಬುಟ್ಟಿಯಲ್ಲಿ ಇನ್ನೂ ಹನ್ನೊಂದು ತೆನೆ ಉಳಿದಿದ್ದವು. ಎರಡನ್ನು ಕೋಳಿ ಅರ್ಧ ಕುಕ್ಕಿತ್ತು. ಬೀಜದಕ್ಕ ಒಂದನ್ನು ಎತ್ತಿ ಅಂಗೈಯ ಮೇಲೆ ಮಲಗಿಸಿದಳು. ಅಂಗೈ ಉದ್ದ, ಅಷ್ಟೇ. ಕಾಳು ಕಲ್ಲಿನಷ್ಟು ಗಟ್ಟಿ, ಕಡುಗೆಂಪು. ಉಗುರು ಒತ್ತಿದರೆ ಉಗುರಿಗೇ ನೋವು. ಅತ್ತೆಯ ತೆನೆ ಅದು. ಅವಳಿಗೆ ಅತ್ತೆಯನ್ನೇ ನೋಡಿದಷ್ಟು ಸಂತೋಷವಾಯಿತು, ಅತ್ತೆ ಬದುಕಿದ್ದಾಗ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

"ಮೂರು ಮನೆಯವರನ್ನೂ ಕರಿ," ಎಂದಳು ಕಲ್ಲುಕುಟಿಗನಿಗೆ.

ಬಂದರು. ಆರು ಜನ ದೊಡ್ಡವರು, ಜಗಲಿಯ ತುಂಬ ಆಯಿತು. ಬೀಜದಕ್ಕ ಹನ್ನೊಂದು ತೆನೆಗಳನ್ನು ಮುಂದಿಟ್ಟುಕೊಂಡು, ಸುತ್ತಿ ಬಳಸದೆ ಹೇಳಿಬಿಟ್ಟಳು. ಬೀಜ ಕೆಟ್ಟದ್ದು ಹೇಗೆ, ಕೆಡಿಸಿದವರು ಯಾರು, ಎಷ್ಟು ವರ್ಷದಿಂದ. ಕಲ್ಲುಕುಟಿಗನ ಮೇಲೆ ಕಳೆ ಕೀಳದ ಆರೋಪ ಹೊರಿಸಿದ್ದಕ್ಕೆ, "ತಪ್ಪಾಯ್ತಪ್ಪ," ಎಂದಳು. ಅವನು ಮತ್ತೆ ನೆಲ ನೋಡಿದ. ಯಾರೂ ಅವಳನ್ನು ಬಯ್ಯಲಿಲ್ಲ. ಬೈದಿದ್ದರೆ ಅವಳಿಗೆ ಅನುಕೂಲವಾಗುತ್ತಿತ್ತು.

ಕೊನೆಗೆ ಒಬ್ಬ ಹೇಳಿದ, "ಆಗಿದ್ದು ಆಯ್ತು. ಇವನ್ನ ಒಯ್ದು ಬೆಳೆಸಿ ಕೊಡಿ ಅಕ್ಕ. ನಿಮ್ಮ ಕೈಯಲ್ಲಿ ಬಂದ್ರೆ ನಮಗೆ ಧೈರ್ಯ."

ಅವಳು ಹತ್ತಿ ಬರುವಾಗ ದಾರಿಯುದ್ದಕ್ಕೂ ಈ ಮಾತಿಗೇ ಹೆದರಿದ್ದಳು. ಒಪ್ಪಿಕೊಳ್ಳಬೇಕೆಂದು ಅವಳ ಇಡೀ ಜೀವ ಬಯಸಿತು. ಹನ್ನೊಂದು ತೆನೆ ಸೆರಗಲ್ಲಿ ಕಟ್ಟಿಕೊಂಡು ಇಳಿದು ಹೋದರೆ, ಮುಂದಿನ ವರ್ಷವೂ ಅವಳು ಬೀಜದಕ್ಕನೇ. ಆದರೆ ಗೋಡೆ ಅಲ್ಲೇ ಇದೆ, ಗಾಳಿಯೂ ಅಲ್ಲೇ ಇದೆ.

"ನನ್ನ ಹೊಲದಲ್ಲಿ ಇದು ಉಳಿಯೋಲ್ಲ," ಎಂದಳು. "ಸುತ್ತ ಹಳದಿ. ಇಲ್ಲಿಗೆ ಆ ಪುಡಿ ಹಾರಿ ಬರೋಲ್ಲ, ನಡುವೆ ಬೆಟ್ಟದ ಏಣು ಅಡ್ಡ ಇದೆ. ಬೀಜ ಇಲ್ಲೇ ಇರಬೇಕು." ಹನ್ನೊಂದು ತೆನೆಗಳನ್ನು ಬುಟ್ಟಿಗೆ ತುಂಬಿ ಗುಬ್ಬಚ್ಚಿಯ ಮಡಿಲಿಗೆ ಇಟ್ಟಳು. "ನೀನು ಇಟ್ಕೋ."

ಗುಬ್ಬಚ್ಚಿ ಹೌಹಾರಿದಳು. "ನಾನಾ? ನಾನು ಕೋಳಿಗೆ ಹಾಕಿದವಳು ಅಕ್ಕ!"

"ನಾನು ಮನುಷ್ಯರಿಗೆ ಹಾಕಿ ಮುಗಿಸಿದೆ. ನಿನ್ನ ಕೋಳಿಗಳೇ ಮೇಲು, ಹನ್ನೊಂದು ಉಳಿಸಿವೆ."

ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ಗುಬ್ಬಚ್ಚಿ ಕೇಳಿದ ಪ್ರಶ್ನೆ ಸರಳವಾಗಿತ್ತು: "ಯಾವ ತೆನೆ ಆರಿಸಬೇಕು ಅಕ್ಕ? ಹೇಗೆ ಗೊತ್ತಾಗ್ತದೆ?"

ಬೀಜದಕ್ಕ ಬುಟ್ಟಿಯಿಂದ ಒಂದು ತೆನೆ ಎತ್ತಿಕೊಂಡಳು. ನಾಲಿಗೆಯ ತುದಿಯಲ್ಲಿ ಅತ್ತೆಯ ಮಾತೇ ಇತ್ತು, ಅದನ್ನು ನುಂಗಿಕೊಂಡಳು. "ರಾಶಿ ಹಾಕಿದ ಮೇಲೆ ಆರಿಸ್ಬೇಡ, ಹೊಲದಲ್ಲೇ ಆರಿಸು. ಮೊದಲು ಕೂದಲು ಬಿಟ್ಟ ಗಿಡಕ್ಕೆ ಒಂದು ದಾರ ಕಟ್ಟು. ಪಕ್ಕದ ಬೆರಕೆ ಗಿಡದ ಪುಡಿ ಇವಕ್ಕೂ ತಾಕಿರಬಹುದು. ಎದೆಗಿಂತ ಎತ್ತರ ಹೋದ ಗಿಡ ಕಂಡ್ರೆ, ಎಷ್ಟೇ ಚೆಂದ ಇದ್ರೂ, ಸೂಲಂಗಿ ಬಿಡೋ ಮುಂಚೆ ಕಡಿದು ದನಕ್ಕೆ ಹಾಕು. ಗಾತ್ರ ನೋಡ್ಬೇಡ, ದಿನ ನೋಡು."

"ಎದೆ ಅಂದ್ರೆ ಯಾರ ಎದೆ? ನಂದಾ, ಇವರದ್ದಾ?" ಎಂದು ಗುಬ್ಬಚ್ಚಿ ಗಂಡನತ್ತ ನೋಡಿದಳು.

"ನಿಂದು," ಎಂದಳು ಬೀಜದಕ್ಕ.

ಹನ್ನೊಂದು ತೆನೆಯ ಬೀಜ ಮೂರು ಮನೆಯ ಹೊಲಕ್ಕೆ ಸಾಲುವುದು ಎಲ್ಲಿಂದ? ಬಂಡೆಯ ಪಕ್ಕದ ಒಂದು ಪಟ್ಟಿಗೆ ಸರಿಹೋಯಿತು. ಉಳಿದ ನೆಲಕ್ಕೆ ಆಲೂಗಡ್ಡೆ, ಬಟಾಣಿ ಹಾಕಿ ಮೂರು ಮನೆಯವರೂ ಹೇಗೋ ಒಂದು ವರ್ಷ ತಳ್ಳಿದರು. ಒಬ್ಬ ಗೋದಾಮಿಗೆ ಮೂಟೆ ಹೊರಲು ಹೋದ, ಆದರೆ ಮನೆ ಖಾಲಿ ಮಾಡಲಿಲ್ಲ. ಬೀಜದಕ್ಕ ತನ್ನ ಹೊಲಕ್ಕೆ ಆ ಬೆರಕೆಯನ್ನೇ ಬಿತ್ತಿದಳು. ಹೊಟ್ಟೆಗೆ ಅದೇನು ಕೆಟ್ಟದ್ದಲ್ಲ. ಒಲೆಯ ಮೇಲಿನ ಗಳ ಮಾತ್ರ ಬೋಳಾಯಿತು. ನಾದಿನಿ ಈಗ ಹೊಡೆಸಿಕೊಳ್ಳದೆ ಸೌದೆ ಇಡುತ್ತಿದ್ದಳು. ಆದರೂ ಅಭ್ಯಾಸದಿಂದ ತಲೆ ಬಗ್ಗಿಸಿಯೇ ಏಳುತ್ತಿದ್ದಳು.

ಬೇಸಿಗೆಯಲ್ಲಿ ಎರಡು ಸಲ ಬೀಜದಕ್ಕ ನೆತ್ತಿಗೆ ಹೋಗಿ ಬಂದಳು. ಮೊದಲ ಸಲ ಎತ್ತರದ ಗಿಡಗಳನ್ನು ಕಡಿಯುವ ದಿನ. ಹಸಿರು ಉಕ್ಕಿದ, ತೋಳಿನಷ್ಟು ದಪ್ಪ ದಂಟಿನ ಗಿಡವೊಂದರ ಮುಂದೆ ಕುಡುಗೋಲು ಹಿಡಿದು ನಿಂತವಳಿಗೆ ಕೈ ಏಳಲಿಲ್ಲ. ಗುಬ್ಬಚ್ಚಿ ಬಂದು ಕಡಿದಳು. ಎರಡನೇ ಸಲ ದಾರ ಕಟ್ಟುವುದು ಮುಗಿದಿತ್ತು. ನಾದಿನಿ ಕಳಿಸಿದ ಕೆಂಪು, ನೀಲಿ, ಕಂದು ದಾರದ ತುಂಡುಗಳು ಗಿಡ್ಡ ಗಿಡಗಳ ಕೊರಳಲ್ಲಿ ಇದ್ದವು.

ಹಿಮ ಬೀಳಲು ಇನ್ನೂ ಎಂಟು ದಿನವಿರುವಾಗ ಕೊಯ್ಲು ಮುಗಿಯಿತೆಂದು ಹೇಳಿಕಳಿಸಿದರು. ಬೀಜದಕ್ಕ ಮತ್ತೆ ಹತ್ತಿದಳು. ಕಲ್ಲುಕುಟಿಗನ ಅಂಗಳದಲ್ಲಿ ಮೊಣಕಾಲೆತ್ತರದ ಒಂದು ರಾಶಿ, ಅದರ ಪಕ್ಕ ದಾರ ಕಟ್ಟಿದ ತೆನೆಗಳ ಪುಟ್ಟ ಗುಡ್ಡೆ. ಆರೂ ಜನ ಸುತ್ತ ಕೂತಿದ್ದರು. ಮುಂದಿನ ವರ್ಷಕ್ಕೆ ಮೂರು ಮನೆಗೂ ಸಾಲುವಷ್ಟು ಬೀಜ ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ದೃಷ್ಟಿಯಾದೀತೆಂದು. ಎಲ್ಲರೂ ಗುಡ್ಡೆಯನ್ನು ಮತ್ತೆ ಮತ್ತೆ ನೋಡುತ್ತಿದ್ದರು, ಅಷ್ಟೇ.

ಬೀಜದಕ್ಕನಿಗೆ ಗುಬ್ಬಚ್ಚಿಯ ಪಕ್ಕದಲ್ಲೇ ಜಾಗ ಮಾಡಿಕೊಟ್ಟರು. ಮಾತಾಡುತ್ತ ಮಾತಾಡುತ್ತ ಅವಳ ಕೈ ತನ್ನಷ್ಟಕ್ಕೆ ದೊಡ್ಡ ರಾಶಿಗೆ ಹೋಯಿತು, ಒಂದು ತೆನೆ ಎತ್ತಿತು, ಸಿಪ್ಪೆ ಸರಿಸಿತು. ಕಡಿಯುವಾಗ ಹೇಗೋ ಕಣ್ತಪ್ಪಿಸಿ ಉಳಿದ ಒಂದು ಗಿಡದ್ದು. ಗೇಣಿಗಿಂತ ಉದ್ದ, ತುದಿಯವರೆಗೂ ತುಂಬಿದ ಕಾಳು. ಕೈ ಅದನ್ನು ಬಲಗಡೆಗೆ, ದಾರ ಕಟ್ಟಿದ ತೆನೆಗಳ ಮೇಲೆ ಮೆಲ್ಲಗೆ ಇಟ್ಟಿತು.

ಎಲ್ಲರೂ ಆ ತೆನೆಯನ್ನೇ ನೋಡಿದರು. ಅಕ್ಕನಿಗೆ ಹೇಳುವವರು ಯಾರು?

ಗುಬ್ಬಚ್ಚಿ ಆ ತೆನೆಯನ್ನು ಎತ್ತಿಕೊಂಡು, ಅತ್ತ ಇತ್ತ ಹೊರಳಿಸಿ ನೋಡಿ, ಎಡಗಡೆಯ ರಾಶಿಗೆ ಹಾಕಿದಳು. "ಅದು ತಿನ್ನೋದಕ್ಕೆ ಅಕ್ಕ," ಎಂದಳು, ಮಗುವಿಗೆ ಹೇಳುವಷ್ಟು ಮೆತ್ತಗೆ.

ಬೀಜದಕ್ಕ ತನ್ನ ಬಲಗೈಯನ್ನು ನೋಡಿಕೊಂಡಳು. ಅವಳಿಗೆ ನೋವಾಯಿತು, ಸುಳ್ಳೇಕೆ ಹೇಳಬೇಕು. ಆದರೆ ಆ ಪುಟ್ಟ ಹೆಣ್ಣು ತನ್ನನ್ನು ತಿದ್ದಿದ ರೀತಿಯಲ್ಲಿ ಒಂದಿಷ್ಟೂ ಅನುಮಾನ ಇರಲಿಲ್ಲ. ಅದನ್ನು ಕಂಡಾಗ ಬಹಳ ವರ್ಷಗಳಿಂದ ಹೊತ್ತದ್ದನ್ನು ಯಾರೋ ಇಳಿಸಿಕೊಂಡ ಹಾಗೆ ಅವಳ ಮೈ ಹಗುರಾಯಿತು.

"ಹೌದಲ್ಲ," ಎಂದಳು. ಎದ್ದು, ಎಡಗಡೆಯ ರಾಶಿಯ ಪಕ್ಕಕ್ಕೆ ಸರಿದು ಕೂತು, ಆ ದೊಡ್ಡ ತೆನೆಯನ್ನೇ ಮೊದಲು ಎತ್ತಿಕೊಂಡು ಅಡುಗೆಗೆ ಕಾಳು ಬಿಡಿಸತೊಡಗಿದಳು.